ಹೆದೆ ಇಳಿಸುವವಳು

“ಕಾವಲುಗಾರರ ಕೈ ಕಟ್ಟುವ ಔಷಧಿಯನ್ನು ಕಾವಲು ಬೇಕಾದವಳಿಗೇ ಹೇಗೆ ಕೊಡಲಿ, ಮೇಷ್ಟ್ರೇ?” ಎಂದು ಶಿಷ್ಯ ಕೇಳಿದ.

ಗುರು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದವರು. ಶಿಷ್ಯ ಅವರ ಬಳಿ ಓದಿ ಈಗ ಅದೇ ಶಾಲೆಯಲ್ಲಿ ಅದೇ ಪಾಠ ಹೇಳುತ್ತಿದ್ದ. ಬೆಳಿಗ್ಗೆ ಶಾಲೆಗೆ ಹೋಗುವ ದಾರಿಯಲ್ಲಿ ಬಂದಿದ್ದ. ಕೂರು ಎಂದರೂ ಕೂರಲಿಲ್ಲ.

“ಯಾರಿಗಪ್ಪಾ ಔಷಧಿ?”

“ತಂಗಿಗೆ. ನಳಿನಿಗೆ.”

ಆಸ್ಪತ್ರೆಯಲ್ಲಿ ತಂಗಿಯ ರಕ್ತ ಪರೀಕ್ಷೆ ಮಾಡಿದ್ದರು. ರೋಗಾಣು ಯಾವುದೂ ಸಿಕ್ಕಿರಲಿಲ್ಲ. ದೇಹವನ್ನು ಕಾಯುವ ಜೀವಕೋಶಗಳೇ ಅವಳ ಮೂತ್ರಪಿಂಡವನ್ನು ಹೊರಗಿನದೆಂದು ತಿಳಿದು ಅದರ ಮೇಲೆ ಬಿದ್ದಿವೆ ಎಂದು ವೈದ್ಯರು ಹೇಳಿದ್ದರು. ಆ ಕೋಶಗಳನ್ನು ಹಿಡಿದಿಡುವ ಮಾತ್ರೆ ಬರೆದುಕೊಟ್ಟಿದ್ದರು. ಮಾತ್ರೆ ನಡೆಯುವಷ್ಟು ದಿನ ಸಣ್ಣ ಜ್ವರ ಬಂದರೂ ತಡಮಾಡದೆ ಕರೆತನ್ನಿ ಎಂದೂ ಹೇಳಿದ್ದರು. ಆ ಕೊನೆಯ ಮಾತು ಶಿಷ್ಯನ ಎದೆಯಲ್ಲಿ ಕೂತುಬಿಟ್ಟಿತ್ತು. ಮನೆಯಲ್ಲಿ ಇದ್ದವರು ಅಣ್ಣ, ತಂಗಿ ಇಬ್ಬರೇ. ಹೊತ್ತುಹೊತ್ತಿಗೆ ಮಾತ್ರೆ ಬಿಡಿಸಿ ಅವಳ ಕೈಗೆ ಕೊಡುವವನು ಅವನೇ.

“ನಮ್ಮ ಬೀದಿಯಲ್ಲಿ ಮನೆಮನೆಗೂ ಜ್ವರ ಇದೆ, ಮೇಷ್ಟ್ರೇ. ಇಂಥ ಹೊತ್ತಿನಲ್ಲಿ ಕಾವಲು ಇಳಿಸಿದರೆ ಅವಳು ಉಳಿಯುತ್ತಾಳೆಯೇ? ಅವಳ ಶಕ್ತಿಯನ್ನು ಹೆಚ್ಚಿಸಬೇಕಲ್ಲವೇ?”

ಗುರು ಕನ್ನಡಕ ತೆಗೆದು ಒರೆಸಿದರು.

“ಪಾಠ ನಿನಗೂ ಗೊತ್ತು, ನನಗೂ ಗೊತ್ತು. ಪಾಠ ಹೆದರಿದವನ ಕಿವಿಗೆ ಬೀಳುವುದಿಲ್ಲ. ಒಂದು ಕತೆ ಹೇಳುತ್ತೇನೆ. ನಿಂತೇ ಕೇಳು. ಶಾಲೆಯ ಗಂಟೆಗೆ ಇನ್ನೂ ಹೊತ್ತಿದೆ.”

ಅವರು ಹೇಳಿದ ಕತೆ ಇದು.

ಒಂದು ಕೋಟೆಯಲ್ಲಿ ಎಲ್ಲ ದಿನಗಳಂಥ ಒಂದು ದಿನ ಬೆಳಗಾಯಿತು. ಹೆಂಗಸರು ಜಗಲಿಯ ಮೇಲೆ ಕೂತು ಪುಂಡಿ ನಾರನ್ನು ಹೊಸೆದು ಬಿಲ್ಲುಗಳಿಗೆ ಹೊಸ ಹೆದೆ ಮಾಡಿದರು. ಕುಂಬಾರ ಕೆರೆಯ ಮಣ್ಣು ತರಲು ಕತ್ತೆ ಹೊಡೆದುಕೊಂಡು ಹೊರಟ. ಬಾಗಿಲ ಕಾವಲುಗಾರ ಎಂದಿನಂತೆ ಅವನನ್ನು ಛೇಡಿಸಿದ.

“ಏನಯ್ಯಾ, ಹೋಗುವಾಗ ಮನುಷ್ಯನ ಹಾಗಿದ್ದೀಯ. ಬರುವಾಗ ಮಡಕೆಯಾಗಿ ಬರಬೇಡ.”

“ಮಡಕೆಯಾದರೆ ನಿನ್ನ ಮನೆಗೇ ಬರುತ್ತೇನೆ. ಇದ್ದ ಮಡಕೆಯನ್ನು ನಿನ್ನ ಹೆಂಡತಿ ಮೊನ್ನೆ ನಿನ್ನ ತಲೆಯ ಮೇಲೆ ಒಡೆದಳಂತಲ್ಲ” ಎಂದು ಕುಂಬಾರ ನಡೆದ.

ಆ ಕೋಟೆಯಲ್ಲಿ ಒಂದು ಪದ್ಧತಿ ಇತ್ತು. ಕಾವಲಿನ ಬಿಲ್ಲಿಗೆ ಹೆದೆ ಏರಿಸಿ ಇಡುತ್ತಿರಲಿಲ್ಲ. ಬಿಲ್ಲು ಆಳೆತ್ತರದ ಬಿದಿರು. ಒಬ್ಬನೇ ಅದನ್ನು ಬಗ್ಗಿಸಿ ಹೆದೆ ಏರಿಸಲಾರ. ಕಾವಲುಗಾರ ಅಪರಿಚಿತನನ್ನು ಕಂಡರೆ ಜೊತೆಗಾರನನ್ನು ಕೂಗುತ್ತಿದ್ದ. ಜೊತೆಗಾರ ಬಂದು ತನ್ನ ಕಣ್ಣಿನಿಂದ ನೋಡುತ್ತಿದ್ದ. ಅವನೂ ಹೌದೆಂದರೆ ಒಬ್ಬ ಬಿಲ್ಲು ಬಗ್ಗಿಸಿ ಹಿಡಿಯುತ್ತಿದ್ದ, ಇನ್ನೊಬ್ಬ ಹೆದೆಯ ಕುಣಿಕೆಯನ್ನು ತುದಿಗೆ ಸಿಕ್ಕಿಸುತ್ತಿದ್ದ. ಅವನು ಅಲ್ಲವೆಂದರೆ ಬಿಲ್ಲು ಗೋಡೆಗೆ ಒರಗಿಯೇ ಇರುತ್ತಿತ್ತು. ಮತ್ತೆ ಆ ಮುಖ ಕಂಡಾಗ ಕಾವಲುಗಾರ ಕೂಗುತ್ತಲೂ ಇರಲಿಲ್ಲ.

ಸಂಜೆ ಒಬ್ಬಳು ಮುದುಕಿ ಬುರುಜಿನಿಂದ ಬುರುಜಿಗೆ ನಡೆಯುತ್ತಿದ್ದಳು. ಎಲ್ಲಾದರೂ ಏರಿದ ಹೆದೆ ಕಂಡರೆ ಕಾವಲುಗಾರನಿಂದ ಬಿಲ್ಲು ಬಗ್ಗಿಸಿ ಹಿಡಿಸಿ ಅದನ್ನು ಇಳಿಸುತ್ತಿದ್ದಳು. ಇಳಿದ ಹೆದೆಯನ್ನು ಹೆಬ್ಬೆರಳಿನಿಂದ ಉದ್ದಕ್ಕೂ ಸವರುತ್ತಿದ್ದಳು. ಎಳೆದು ಬಳಲಿದ ಹೆದೆಗೆ ತನ್ನ ಎಲೆಯಡಿಕೆ ಚೀಲದ ಸುಣ್ಣದಿಂದ ಒಂದು ಬೊಟ್ಟು ಇಡುತ್ತಿದ್ದಳು. ಬೊಟ್ಟು ಬಿದ್ದ ಹೆದೆಗಳನ್ನು ಕಮ್ಮಾರ ಕುಲುಮೆಗೆ ಹಾಕುತ್ತಿದ್ದ. ಬೆಳಿಗ್ಗೆ ಹೊಸೆದದ್ದನ್ನು ಸಂಜೆ ಸುಡುವುದೇಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅವಳ ತಾಯಿಯೂ ಅದೇ ಕೆಲಸ ಮಾಡಿದ್ದಳು. ಅದು ಏಕೆ ಶುರುವಾಯಿತೆಂದು ನೆನಪಿದ್ದವರು ಸತ್ತುಹೋಗಿದ್ದರು.

ಆ ದಿನ ಮಧ್ಯಾಹ್ನ ಕೆಲವರು ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬಂದರು. ಉಪ್ಪಿನ ಚೀಲಗಳಲ್ಲಿ ಕತ್ತಿಗಳಿದ್ದವು. ಕಾವಲುಗಾರ ಒಂದು ಕತ್ತಿಯ ಹಿಡಿ ಕಂಡು ಜೊತೆಗಾರನನ್ನು ಕೂಗಿದ. ಜೊತೆಗಾರ ಊಟಕ್ಕೆ ಕೂತಿದ್ದ. ಎಂಜಲು ಕೈಯಲ್ಲೇ ಓಡಿಬಂದ. ಹೆದೆ ಏರಿತು. ಉಳಿದ ಬುರುಜುಗಳಲ್ಲೂ ಏರಿತು. ಬಾಣಗಳು ಬಿದ್ದವು. ಬಂದವರು ಎತ್ತುಗಳನ್ನು ಬಿಟ್ಟು ಓಡಿದರು.

ಆದರೆ ಕೂಗಿಗೂ ಹೆದೆಗೂ ನಡುವಿನ ಹೊತ್ತಿನಲ್ಲಿ ಒಬ್ಬ ವರ್ತಕನ ಮಗ ಬಾಗಿಲ ಬಳಿಯ ಅಂಗಡಿಯಲ್ಲಿ ಸತ್ತಿದ್ದ. ಒಬ್ಬನೇ ಮಗ. ಸತ್ತವನ ಹೆಂಡತಿ ಬಸುರಿ.

ವರ್ತಕ ಊರಿನಲ್ಲಿ ದೊಡ್ಡವನು. ಅವನು ಅಳಲಿಲ್ಲ. ಮಗನ ಕಾರ್ಯ ಮುಗಿದ ಮೇಲೆ ಊರಿನವರನ್ನು ಸೇರಿಸಿ ಕೇಳಿದ.

“ಬಿಲ್ಲುಗಳಿಗೆ ಹೆದೆ ಏರಿಸಿಯೇ ಇಟ್ಟಿದ್ದರೆ ನನ್ನ ಮಗ ಇರುತ್ತಿದ್ದನೋ ಇಲ್ಲವೋ?”

ಯಾರೂ ಇಲ್ಲವೆನ್ನಲಿಲ್ಲ. ಅದು ನಿಜವೂ ಆಗಿತ್ತು.

“ಹಾಗಾದರೆ ಶತ್ರುವಿನ ಕೆಲಸವನ್ನು ನಮ್ಮೊಳಗೇ ಒಬ್ಬಳು ದಿನಾ ಸಂಜೆ ಮಾಡುತ್ತಿದ್ದಾಳೆ.”

ಎಲ್ಲರೂ ಮುದುಕಿಯ ಕಡೆ ತಿರುಗಿದರು. ಅವಳು ಎದ್ದು ನಿಂತಳು.

“ಏರಿದ ಹೆದೆ ಗುರಿ ಹುಡುಕುತ್ತದೆ, ಯಜಮಾನರೇ.”

“ಹುಡುಕಲಿ. ಶತ್ರು ಸಿಗುತ್ತಾನೆ.”

“ಶತ್ರು ಯಾವಾಗಲೋ ಒಮ್ಮೆ ಬರುತ್ತಾನೆ. ಊರಿನವರು ದಿನಾ ಬರುತ್ತಾರೆ.”

ಮಗ ಸತ್ತವನ ಎದುರು ಅಂಥ ಮಾತಾಡಬಾರದೆಂದು ಜನ ಅವಳನ್ನು ಕೂರಿಸಿದರು. ಅಂದಿನಿಂದ ಅವಳು ಬುರುಜು ಹತ್ತಬಾರದೆಂದು ಕಟ್ಟಳೆಯಾಯಿತು. ಪ್ರತಿ ಬಿಲ್ಲಿಗೂ ಹೆದೆ ಏರಿಸಿದರು. ಏರಿದ ಬಿಲ್ಲಿಗೆ ಜೊತೆಗಾರ ಬೇಕಿಲ್ಲವಾದ್ದರಿಂದ ಜೊತೆಗಾರರಿಗೂ ಒಂದೊಂದು ಬಿಲ್ಲು ಕೊಟ್ಟು ಬೇರೆಬೇರೆ ನಿಲ್ಲಿಸಿದರು. ಕಾವಲು ಎರಡರಷ್ಟಾಯಿತು. ಆ ಸಂಜೆ ಕಮ್ಮಾರನ ಕುಲುಮೆಗೆ ಒಂದು ಹೆದೆಯೂ ಬೀಳಲಿಲ್ಲ. ಊರು ನೆಮ್ಮದಿಯಿಂದ ಉಂಡಿತು.

ಕೆಲವು ದಿನ ಏನೂ ಆಗಲಿಲ್ಲ. ಬಿದಿರು ಬಿಸಿಲಿಗೆ ಕಿರುಗುಟ್ಟುವುದು ಮಾತ್ರ ಕೇಳುತ್ತಿತ್ತು. ಬಸುರಿ ಸೊಸೆಯನ್ನು ವರ್ತಕ ಹೆರಿಗೆಗೆಂದು ತವರಿಗೆ ಕಳಿಸಿದ.

ಆಮೇಲೆ ಒಂದು ದಿನ ಕುಂಬಾರ ಕೆರೆಯಲ್ಲಿ ಕಾಲು ಜಾರಿ ಬಿದ್ದ. ತಲೆಯಿಂದ ಪಾದದವರೆಗೆ ಮಣ್ಣು ಮೆತ್ತಿಕೊಂಡಿತು. ಕತ್ತೆ ಬೆದರಿ ಎಲ್ಲಿಗೋ ಓಡಿತು. ಅವನು ಒಬ್ಬನೇ ಕೋಟೆಯ ಕಡೆ ನಡೆದುಬಂದ. ಬಾಗಿಲ ಕಾವಲುಗಾರ ಕಂಡದ್ದು ಮುಖವಿಲ್ಲದ ಒಂದು ಆಕಾರ. ಕೂಗಲು ಜೊತೆಗಾರನಿರಲಿಲ್ಲ. ಬಿಲ್ಲು ಕೈಯಲ್ಲಿತ್ತು, ಹೆದೆ ಏರಿತ್ತು. ಬಾಣ ಹೋಯಿತು. ಹತ್ತಿರ ಹೋಗಿ ಒದ್ದೆ ಬಟ್ಟೆಯಿಂದ ಮಣ್ಣು ಒರೆಸಿದ ಮೇಲೆ ಮುಖ ಕಂಡಿತು.

ಕಾವಲುಗಾರ ಆಮೇಲೆ ಯಾರನ್ನೂ ಛೇಡಿಸಲಿಲ್ಲ.

ಜನ ಕಾವಲುಗಾರನನ್ನು ಬೈಯಲಿಲ್ಲ. ಕುಂಬಾರ ಮುಖ ತೊಳೆದುಕೊಂಡು ಬರಬೇಕಿತ್ತು ಎಂದರು. ಒಂದು ನಿಯಮವಾಯಿತು. ಹೊರಗಿನಿಂದ ಬರುವವರು ಕೆರೆಯ ಏರಿಯ ಮೇಲೆ ನಿಂತು ಎರಡು ಕೈಯನ್ನೂ ಎತ್ತಿ ಹೆಸರು ಕೂಗಬೇಕು. ಸ್ವಲ್ಪ ದಿನದಲ್ಲೇ ಗಂಟಲು ಕಟ್ಟಿದ್ದ ಒಬ್ಬ ಮುದುಕ ಕೂಗಲಾರದೆ ಸತ್ತ. ಇನ್ನೊಂದು ನಿಯಮವಾಯಿತು.

ಸತ್ತವರ ಮನೆಗಳಲ್ಲಿ ಅಳು ಇತ್ತು. ಕುಂಬಾರನ ತಮ್ಮ ಗೋಡೆಯ ಮೇಲಿನ ಕಾವಲುಗಾರರನ್ನು ನೋಡುವ ರೀತಿ ಬದಲಾಯಿತು. ಆ ನೋಟ ಕಾವಲುಗಾರರಿಗೂ ಕಂಡಿತು. ಇಂದು ಹೀಗೆ ನೋಡುವವನು ನಾಳೆ ಬಾಗಿಲು ತೆಗೆದುಕೊಟ್ಟರೆ ಎಂದು ಅವರಲ್ಲಿ ಒಬ್ಬ ಹೇಳಿದ. ಅಂದಿನಿಂದ ಅರ್ಧ ಬಿಲ್ಲುಗಳು ಊರಿನ ಒಳಕ್ಕೆ ಮುಖ ಮಾಡಿದವು.

ಮಕ್ಕಳನ್ನು ಹೊರಗೆ ಬಿಡುವುದು ನಿಂತಿತು. ಹೆಂಗಸರು ನೀರಿಗೆ ಹೋಗುವಾಗ ಸೆರಗು ಬೀಸದಂತೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೆಮ್ಮು ಬಂದವರು ಬೀದಿಯಲ್ಲಿ ಕೆಮ್ಮಲಿಲ್ಲ. ಉಪ್ಪು ಮಾರುವವರು ಆ ದಾರಿ ಬಿಟ್ಟರು. ಊರು ಸಪ್ಪೆ ಉಂಡಿತು. ವರ್ತಕನೂ ಅಂಗಡಿಯಿಂದ ಮನೆಗೆ ನಡೆಯುವಾಗ ಎರಡು ಕೈಗಳನ್ನೂ ಮೈಯಿಂದ ದೂರ ಹಿಡಿದು ನಡೆಯುತ್ತಿದ್ದ. ಅಂಗೈ ಕಾವಲುಗಾರರಿಗೆ ಕಾಣಬೇಕು. ಹಾಗೆ ನಡೆಯುವುದು ಅವನಿಗೆ ರೂಢಿಯಾಯಿತು. ಮನೆಯೊಳಗೂ ಹಾಗೇ ನಡೆದ.

ಶತ್ರು ಮಾತ್ರ ಬರಲಿಲ್ಲ.

ಒಂದು ಮಧ್ಯಾಹ್ನ ವರ್ತಕ ಅಂಗಡಿಯ ಮುಂದೆ ನಿಂತಿದ್ದ. ತೆರೆದ ಬಾಗಿಲಿನಾಚೆ ಕೆರೆಯ ಏರಿಯ ಮೇಲೆ ಒಬ್ಬಳು ಹೆಂಗಸು ನಡೆದುಬರುತ್ತಿದ್ದಳು. ಮೈ ಇಳಿದಿತ್ತು. ಹಣೆ ಬರಿದಾಗಿತ್ತು. ಸೆರಗಿನ ಕೆಳಗೆ ಏನನ್ನೋ ಎದೆಗೆ ಅವಚಿಕೊಂಡಿದ್ದಳು. ಅವಳು ಏರಿಯ ಮೇಲೆ ನಿಲ್ಲಲಿಲ್ಲ. ಕೈ ಎತ್ತಲಿಲ್ಲ. ಹೆಸರು ಕೂಗಲಿಲ್ಲ.

ನಡಿಗೆ ಕಂಡು ವರ್ತಕನಿಗೆ ಗುರುತಾಯಿತು. ಸೊಸೆ. ಅವಳು ತವರಿಗೆ ಹೋದದ್ದು ನಿಯಮಗಳು ಹುಟ್ಟುವ ಮೊದಲು. ಆ ನಿಯಮಗಳನ್ನು ಅವಳಿಗೆ ಹೇಳಿಕಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ. ಅವನಿಗೂ ತೋಚಿರಲಿಲ್ಲ.

ಅವನು ಬಾಗಿಲ ಕಡೆ ಓಡಿದ. “ಬೇಡ! ಬೇಡ!” ಎಂದು ಕೂಗಿದ.

ಕಾವಲುಗಾರರು ಕೇಳಿದ್ದು ಕೂಗನ್ನು ಮಾತ್ರ. ಆ ಊರಿನಲ್ಲಿ ಕೂಗಿಗೆ ಆಗ ಒಂದೇ ಅರ್ಥ ಉಳಿದಿತ್ತು. ಬಾಗಿಲ ಕಾವಲುಗಾರ ಬಾಣ ಬಿಟ್ಟ. ಎಡಬುರುಜಿನವನೂ ಬಿಟ್ಟ. ಬಲಬುರುಜಿನವನೂ ಬಿಟ್ಟ.

ಬಾಣಗಳು ಅವಳನ್ನು ಮುಟ್ಟಲಿಲ್ಲ. ಗುರಿ ತಪ್ಪಿರಲಿಲ್ಲ. ಮೂರೂ ನೇರವಾಗಿಯೇ ಹೋಗಿ, ಅವಳಿಗಿಂತ ಈಚೆ, ಸೋತ ಹಕ್ಕಿಗಳಂತೆ ನೆಲಕ್ಕೆ ಬಿದ್ದವು. ಒಂದು ಅವಳ ಕಾಲ ಬೆರಳಿನ ಹತ್ತಿರ ಬಿತ್ತು. ಅವಳು ಅಲ್ಲೇ ನಿಂತಳು. ಸೆರಗಿನ ಕೆಳಗಿನಿಂದ ಮಗುವಿನ ಅಳು ಕೇಳಿತು.

ವರ್ತಕ ಅವಳ ಬಳಿಗೆ ಓಡಿಹೋಗಿ ಕಾಲ ಹತ್ತಿರದ ಬಾಣವನ್ನು ಎತ್ತಿಕೊಂಡ. ಹಿಂತಿರುಗಿ ಬುರುಜು ಹತ್ತಿ ಒಂದು ಬಿಲ್ಲಿನ ಹೆದೆಯನ್ನು ತನ್ನ ಚಾಕುವಿನಿಂದ ಕೊಯ್ದ. ಬಿದಿರು ನೆಟ್ಟಗಾಗಲಿಲ್ಲ. ಬಾಗಿದಂತೆಯೇ ಉಳಿಯಿತು. ಇನ್ನೊಂದನ್ನು ಕೊಯ್ದ. ಅದೂ ಹಾಗೆಯೇ. ತಿಂಗಳುಗಟ್ಟಲೆ ಬಾಗಿ ನಿಂತ ಬಿದಿರು ಸೆಟೆಯುವುದನ್ನು ಮರೆತಿತ್ತು. ಕುಂಬಾರನನ್ನು ಕೊಂದ ದಿನ ಅವುಗಳಲ್ಲಿ ಇನ್ನೂ ಕಸುವಿತ್ತು. ಈಗ ಇರಲಿಲ್ಲ.

ತನ್ನ ಮೊಮ್ಮಗುವಿನ ಮೇಲೆ ಬಾಣ ಬಿಟ್ಟದ್ದು ತನ್ನದೇ ಕೋಟೆ. ಅದೇ ಕೋಟೆಯಲ್ಲಿ ಈಗ ಒಬ್ಬ ಶತ್ರುವನ್ನೂ ತಡೆಯಬಲ್ಲ ಬಿಲ್ಲು ಇಲ್ಲ. ಎರಡನ್ನೂ ಅವನು ಒಂದೇ ಗಳಿಗೆಯಲ್ಲಿ ತಿಳಿದ.

ಅವನು ಬಾಣವನ್ನು ಹಿಡಿದುಕೊಂಡೇ ಮುದುಕಿಯ ಮನೆಗೆ ಹೋದ. ಅವಳು ಹೊಸ್ತಿಲಲ್ಲಿ ಕೂತು ನಾರು ಹೊಸೆಯುತ್ತಿದ್ದಳು.

“ಅವ್ವಾ” ಎಂದ.

ಅವಳು ಬಾಣವನ್ನು ನೋಡಿದಳು.

“ಮಗು?”

“ಇದೆ.”

ಅವಳು ಒಳಗೆ ಹೋಗಿ ಎಲೆಯಡಿಕೆ ಚೀಲ ತಂದಳು.

ಹೆದೆಗಳನ್ನೆಲ್ಲ ಇವತ್ತೇ ಇಳಿಸಿಬಿಡು ಎಂದು ವರ್ತಕ ಅವಸರ ಮಾಡಿದ. ಅವಳು ಒಪ್ಪಲಿಲ್ಲ. ಪ್ರತಿ ಬುರುಜಿನಲ್ಲೂ ಬಿಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಇದ್ದುದರಲ್ಲಿ ಗಟ್ಟಿಯಾದ ಒಂದು ಬಿಲ್ಲನ್ನು ಹೆದೆ ಏರಿದಂತೆಯೇ ಬಿಟ್ಟಳು. ಅದರ ಬಳಿ ಮತ್ತೆ ಇಬ್ಬರನ್ನು ನಿಲ್ಲಿಸಿದಳು. ಇಬ್ಬರೂ ಹೌದೆನ್ನದೆ ಬಾಣ ತೊಡಬಾರದು ಎಂದಳು. ಉಳಿದವುಗಳ ಹೆದೆ ಇಳಿಸಿದಳು. ಬಳಲಿದ ಹೆದೆಗೆ ಸುಣ್ಣದ ಬೊಟ್ಟು ಇಟ್ಟಳು. ಆ ಸಂಜೆ ಕುಲುಮೆಯ ಬೆಂಕಿ ಬಹಳ ಹೊತ್ತು ಉರಿಯಿತು.

ಊರು ಅಷ್ಟು ಹೆದರಿದ್ದು ಅದೇ ಮೊದಲು. ದಾಳಿಯ ದಿನವೂ ಹಾಗೆ ಹೆದರಿರಲಿಲ್ಲ. ಜನ ಬಾಗಿಲುಗಳಲ್ಲಿ ನಿಂತು, ಒಂದೊಂದು ಹೆದೆ ಇಳಿದಾಗಲೂ ದಾರಿಯ ಕಡೆ ನೋಡಿದರು. ದೂರದಲ್ಲಿ ಧೂಳು ಎದ್ದರೆ ಉಸಿರು ಹಿಡಿದರು. ಮುದುಕಿಯ ಕೈಗಳನ್ನು ನೋಡುತ್ತ ಒಬ್ಬ, “ಇವಳು ನಮ್ಮನ್ನು ಕೊಲ್ಲುತ್ತಾಳೆ” ಎಂದ. ಅವಳಿಗೆ ಕೇಳಿಸಿತು. ಅವಳು ಮುಂದಿನ ಬಿಲ್ಲಿಗೆ ಹೋದಳು.

ಕೆಲವು ಬಿಲ್ಲುಗಳು ಸುಧಾರಿಸಿಕೊಂಡವು. ಕೆಲವು ಸುಧಾರಿಸಲಿಲ್ಲ. ಅವುಗಳ ಬದಲು ಹೊಸ ಬಿದಿರು ಕಡಿದು ತಂದರು.

ಎಷ್ಟೋ ದಿನದ ಮೇಲೆ ದಾರಿಯಲ್ಲಿ ಎತ್ತುಗಳು ಕಂಡವು. ಎತ್ತುಗಳ ಮೇಲೆ ಚೀಲಗಳಿದ್ದವು. ಬಾಗಿಲ ಕಾವಲುಗಾರ ಜೊತೆಗಾರನನ್ನು ಕೂಗಿದ. ಜೊತೆಗಾರ ಬಂದ. ಕೆಳಗಿಳಿದು ಹೋಗಿ ಒಂದು ಚೀಲ ಬಿಚ್ಚಿ ಒಳಗೆ ಮೊಣಕೈವರೆಗೆ ಕೈ ಹಾಕಿದ. ಇನ್ನೊಂದಕ್ಕೂ ಹಾಕಿದ. ಆಮೇಲೆ ಬೆರಳನ್ನು ನಾಲಿಗೆಗೆ ತಾಗಿಸಿ ಮೇಲೆ ನೋಡಿದ.

“ಉಪ್ಪು” ಎಂದ.

ಗುರು ಕತೆ ನಿಲ್ಲಿಸಿದರು.

ಶಿಷ್ಯ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದ.

“ದೇಹದಲ್ಲಿ ಆ ಮುದುಕಿ ಯಾರು?” ಎಂದು ಕೇಳಿದ.

“ಮಕ್ಕಳಿಗೆ ನೀನೇ ಹೇಳುತ್ತೀಯಲ್ಲ. ಕಾವಲಿನ ಪ್ರತಿ ಕೋಶದೊಳಗೂ ‘ಏಳು’ ಎಂಬ ಸುದ್ದಿ ಹೊತ್ತು ಓಡುವ ಪ್ರೋಟೀನುಗಳಿವೆ. ಅವುಗಳ ಮೇಲೆ ಗುರುತು ಅಂಟಿಸುವ ಬೇರೆ ಪ್ರೋಟೀನುಗಳೂ ಇವೆ. ಗುರುತು ಬಿದ್ದದ್ದನ್ನು ಕೋಶ ತಾನೇ ಒಡೆದುಹಾಕುತ್ತದೆ. ದಿನಾ ಕಟ್ಟುತ್ತದೆ, ದಿನಾ ಒಡೆಯುತ್ತದೆ. ಹೊರಗಿನಿಂದ ನೋಡಿದರೆ ಕೋಶ ಸುಮ್ಮನೆ ಕೂತಂತೆ ಕಾಣುತ್ತದೆ. ಅದನ್ನು ಸುಮ್ಮನೆ ಕೂರಿಸುವ ಕೆಲಸ ಒಳಗೆ ಒಂದು ಗಳಿಗೆಯೂ ನಿಲ್ಲುವುದಿಲ್ಲ.”

“ನಳಿನಿಯ ಮೈಯಲ್ಲಿ ಆ ಕೆಲಸ ನಿಂತಿದೆಯೇ?”

“ಎಲ್ಲಿ ಕೈ ತಪ್ಪಿತೋ ನನಗೆ ಗೊತ್ತಿಲ್ಲ. ವೈದ್ಯರಿಗೂ ಪೂರ್ತಿ ಗೊತ್ತಿರಲಾರದು. ಮುದುಕಿಗೆ ಕೈ ಸಾಲದಾದಾಗ ಅವಳ ಜೊತೆಗೆ ಕಳಿಸುವ ಆಳು ಆ ಮಾತ್ರೆ. ಅವಳಷ್ಟು ನಯ ಅದಕ್ಕಿಲ್ಲ. ಇಳಿಸಬಾರದ ಹೆದೆಯನ್ನೂ ಕೆಲವೊಮ್ಮೆ ಇಳಿಸುತ್ತದೆ.”

“ಆ ಹೊತ್ತಿಗೆ ಶತ್ರು ಬಂದರೆ?”

“ಬರಬಹುದು. ಅದಕ್ಕೇ ಬುರುಜಿಗೊಂದು ಬಿಲ್ಲು ಬಿಟ್ಟದ್ದು. ಜ್ವರ ಬಂದರೆ ಕರೆತನ್ನಿ ಎಂದು ವೈದ್ಯರು ಹೇಳಿದ್ದೂ ಅದಕ್ಕೇ. ಹೆದರಬೇಡ ಎಂದು ನಾನು ಹೇಳುವುದಿಲ್ಲ.”

ಶಾಲೆಯ ಮೊದಲ ಗಂಟೆ ಕೇಳಿಸಿತು. ಶಿಷ್ಯ ಹೊರಡಲಿಲ್ಲ. ಗುರು ಕನ್ನಡಕ ಹಾಕಿಕೊಂಡು ಅವನ ಮುಖವನ್ನು ನೋಡಿದರು.

“ಇವತ್ತು ನಿಮ್ಮ ಮನೆಯಲ್ಲಿ ಹೆದೆ ಇಳಿಸಿದವರು ಯಾರು?”

ಶಿಷ್ಯನ ಕೈ ಅಂಗಿಯ ಜೇಬಿಗೆ ಹೋಯಿತು. ತಂಗಿಗೆ ಕೊಡದ ಬೆಳಗಿನ ಮಾತ್ರೆ ಅಲ್ಲೇ ಇತ್ತು.